ಕೆಜಿಎಫ್‌ನಿಂದ ಕಡಲಾಚೆಗೆ: ವಿದೇಶ ವಾಸ ಮತ್ತು ವಿದೇಶದಲ್ಲಿ ಮನೆ ಖರೀದಿ

ಕೋಲಾರ ಚಿನ್ನದ ಗಣಿ ಪ್ರದೇಶದಿಂದ ಹೊರದೇಶಕ್ಕೆ ಹೊರಡುವುದು ಹೊಸ ಸಂಗತಿಯಲ್ಲ. ಮಾರಿಕುಪ್ಪಂನಲ್ಲೋ ಊರಿಗಾಂನಲ್ಲೋ ರೈಲು ಹತ್ತಿ, ಬಂಗಾರಪೇಟೆಯಲ್ಲಿ ಗಾಡಿ ಬದಲಿಸಿ, ಬಂದರಿಗೆ ತೆರಳಿ ಹಡಗೇರಿದ ಕುಟುಂಬಗಳು ಸ್ವಾತಂತ್ರ್ಯದ ಕಾಲದಿಂದಲೂ ಇವೆ. ಇಂದು ಹಡಗಿನ ಬದಲು ವಿಮಾನ ಬಂದಿದೆ. ಹಡಗಿನ ಟಿಕೆಟ್ಟಿನ ಜಾಗದಲ್ಲಿ ವೀಸಾ, ಉದ್ಯೋಗಪತ್ರ ಹಾಗೂ ಬ್ಯಾಂಕಿನ ದಾಖಲೆಗಳ ಕಟ್ಟು ಬಂದಿದೆ. ಆದರೆ ಹೊರಡುವವರ ಮುಂದಿರುವ ಮೂಲ ಪ್ರಶ್ನೆ ಮಾತ್ರ ಬದಲಾಗಿಲ್ಲ. ಹೋದ ನಾಡಿನಲ್ಲಿ ನಾವು ವಾಸಿಸಬಹುದೇ? ಅಲ್ಲಿನ ಮನೆ ನಮ್ಮದಾಗಬಹುದೇ? ಇಲ್ಲಿ ಬಿಟ್ಟುಹೋದದ್ದರ ಗತಿಯೇನು?

ಈ ಮೂರೂ ಪ್ರಶ್ನೆಗಳನ್ನು ಒಂದೇ ಎಂದು ಭಾವಿಸುವುದರಿಂದಲೇ ಹೆಚ್ಚಿನ ನಷ್ಟ ಸಂಭವಿಸುತ್ತದೆ. ವಾಸದ ಹಕ್ಕು ಬೇರೆ, ಒಡೆತನದ ಹಕ್ಕು ಬೇರೆ. ಮನೆ ಕೊಂಡ ಮಾತ್ರಕ್ಕೆ ಆ ದೇಶದಲ್ಲಿ ಇರಲು ಅನುಮತಿ ದೊರೆಯದು. ಇರಲು ಅನುಮತಿ ದೊರೆತ ಮಾತ್ರಕ್ಕೆ ಮನೆ ಕೊಳ್ಳುವ ಅಧಿಕಾರವೂ ಬಾರದು. ಗಣಿಯೂರಿನ ಜನರಿಗೆ ಈ ಪಾಠ ಪರದೇಶಕ್ಕೆ ಹೋಗುವ ಮೊದಲೇ, ತಮ್ಮ ಊರಿನಲ್ಲೇ ದೊರೆತಿತ್ತು ಎಂಬುದು ಗಮನಾರ್ಹ.

ಒಡೆತನವಿಲ್ಲದ ಊರು

ಐರಿಷ್ ಮೂಲದ ನಿವೃತ್ತ ಸೈನಿಕ ಮೈಕಲ್ ಫಿಟ್ಜ್‌ಜೆರಾಲ್ಡ್ ಲಾವೆಲ್ 1873ರಲ್ಲಿ ಇಲ್ಲಿ ಗಣಿಗಾರಿಕೆಯ ಪರವಾನಗಿಗಾಗಿ ಮೈಸೂರು ಸರ್ಕಾರಕ್ಕೆ ಅರ್ಜಿ ಸಲ್ಲಿಸಿದನು. 1880ರ ದಶಕದಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯ ಆಡಳಿತದಲ್ಲಿ ಗಣಿಗಳು ಬೆಳೆದವು. ಬೌರಿಂಗ್‌ಪೇಟೆ ಎಂದು ಕರೆಯಲ್ಪಡುತ್ತಿದ್ದ ಇಂದಿನ ಬಂಗಾರಪೇಟೆಯಿಂದ ಗಣಿಗಳಿಗೆ 1894ರಲ್ಲಿ ರೈಲು ಮಾರ್ಗ ಬಂದಿತು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತು ಹರಿಯಿತು. ಉಚ್ಛ್ರಾಯ ಕಾಲದಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಮಂದಿ ಇಲ್ಲಿ ದುಡಿಯುತ್ತಿದ್ದರು.

ಆದರೆ ಈ ಸಾವಿರಾರು ಮಂದಿ ವಾಸಿಸುತ್ತಿದ್ದ ಸೂರುಗಳ ಪೈಕಿ ಬಹುಪಾಲು ಅವರದಾಗಿರಲಿಲ್ಲ. ಅಧಿಕಾರಿಗಳ ಬಂಗಲೆಗಳಿರಲಿ, ಆಂಗ್ಲೋ-ಇಂಡಿಯನ್ ಮೇಲ್ವಿಚಾರಕರ ಕ್ವಾರ್ಟರ್ಸ್‌ಗಳಿರಲಿ, ತಮಿಳು, ತೆಲುಗು ಹಾಗೂ ಕನ್ನಡ ಮಾತನಾಡುವ ಕಾರ್ಮಿಕರ ಲೈನ್ ಮನೆಗಳಿರಲಿ, ಎಲ್ಲವೂ ಕಂಪನಿಯ ಸ್ವತ್ತು. ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತ್ಯದಿಂದ ಕರಾರಿನ ಮೇಲೆ ಬಂದ ಗಣಿಗಾರರದೂ ಇದೇ ಸ್ಥಿತಿ. ಅವರು ಪರದೇಶದಲ್ಲಿ ವಾಸಿಸಿದರು, ಸಂಪಾದಿಸಿದರು, ಊರಿಗೆ ಹಣ ಕಳುಹಿಸಿದರು; ಇಲ್ಲಿನ ನೆಲದ ಒಡೆಯರಾಗಲಿಲ್ಲ. ಕೆಲಸವಿರುವವರೆಗೆ ಮನೆ, ಕೆಲಸ ಮುಗಿದ ದಿನ ಬೀಗದ ಕೈ ಹಿಂದಕ್ಕೆ. ಸ್ವಂತ ಮನೆಯ ಆಸೆಯುಳ್ಳವರು ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆ ಅಥವಾ ಬಂಗಾರಪೇಟೆಯ ಕಡೆ ನೋಡಬೇಕಾಗಿತ್ತು.

1956ರಲ್ಲಿ ಗಣಿಗಳು ಮೈಸೂರು ರಾಜ್ಯದ ವಶಕ್ಕೂ, 1962ರಲ್ಲಿ ಕೇಂದ್ರ ಸರ್ಕಾರದ ವಶಕ್ಕೂ ಬಂದವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ಸ್ಥಾಪನೆಯಾಯಿತು. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. ಒಡೆಯರು ಬದಲಾದರೇ ಹೊರತು, ಲೈನ್ ಮನೆಯಲ್ಲಿದ್ದವರು ಒಡೆಯರಾಗಲಿಲ್ಲ. ಗಣಿ ಮುಚ್ಚಿದ ಮೇಲೂ ಮನೆಗಳ ಹಕ್ಕುಪತ್ರದ ಬೇಡಿಕೆ ದೀರ್ಘಕಾಲ ಮುಂದುವರಿಯಿತು. ಮೂರು ತಲೆಮಾರು ಬಾಳಿದ ಮನೆಗೂ ಕಾಗದಪತ್ರವಿಲ್ಲದಿರಬಹುದು ಎಂಬುದಕ್ಕೆ ಈ ಊರಿಗಿಂತ ಬೇರೆ ನಿದರ್ಶನ ಬೇಕಿಲ್ಲ.

ಹೊರಟವರು, ಸೇರಿದ ನಾಡುಗಳು

ಮೊದಲಿಗೆ ಹೆಚ್ಚಿನ ಸಂಖ್ಯೆಯಲ್ಲಿ ಹೊರದೇಶಕ್ಕೆ ಹೊರಟವರು ಆಂಗ್ಲೋ-ಇಂಡಿಯನ್ ಕುಟುಂಬಗಳವರು. ಸ್ವಾತಂತ್ರ್ಯಾನಂತರ ತಮ್ಮ ಉದ್ಯೋಗಗಳ ಭವಿಷ್ಯದ ಬಗ್ಗೆ ಮೂಡಿದ ಆತಂಕ ಇದಕ್ಕೆ ಒಂದು ಕಾರಣ. ರಾಷ್ಟ್ರೀಕರಣದ ನಂತರ ಬ್ರಿಟಿಷ್ ಆಡಳಿತಗಾರರು ನಿರ್ಗಮಿಸಿದ್ದು ಇನ್ನೊಂದು. ಬ್ರಿಟನ್, ಆಸ್ಟ್ರೇಲಿಯ ಹಾಗೂ ಕೆನಡಾ ಅವರ ಮುಖ್ಯ ಗುರಿಗಳಾಗಿದ್ದವು.

ಸ್ವಂತ ನೆಲದ ಹಂಬಲ ಈ ಸಮುದಾಯಕ್ಕೆ ಅದಕ್ಕೂ ಮುಂಚೆ ಇತ್ತು ಎಂಬುದನ್ನು ಇಲ್ಲಿ ಸ್ಮರಿಸಬಹುದು. ಬಂಗಾರಪೇಟೆಯಿಂದ ಬೆಂಗಳೂರಿಗೆ ಬರುವ ರೈಲು ಹಾದುಹೋಗುವ ವೈಟ್‌ಫೀಲ್ಡ್ 1882ರಲ್ಲಿ ಇದೇ ಹಂಬಲದಿಂದ ಹುಟ್ಟಿದ ವಸಾಹತು. ಮಹಾರಾಜ ಚಾಮರಾಜ ಒಡೆಯರ್ ಅವರು ಯುರೇಷಿಯನ್ ಮತ್ತು ಆಂಗ್ಲೋ-ಇಂಡಿಯನ್ ಸಂಘಕ್ಕೆ ಸುಮಾರು 3,900 ಎಕರೆ ಭೂಮಿಯನ್ನು ನೀಡಿದ್ದರು. ಡಿ.ಎಸ್. ವೈಟ್ ಅವರ ಹೆಸರನ್ನು ಊರಿಗೆ ಇಡಲಾಯಿತು. ಹೊರದೇಶಕ್ಕೆ ಹೋಗುವ ಬದಲು ಇಲ್ಲೇ ನೆಲೆ ಕಂಡುಕೊಳ್ಳುವ ಪ್ರಯತ್ನ ಅದಾಗಿತ್ತು.

ಹೊರಟವರಿಗೆ ದಾರಿಯೇನೂ ಸುಗಮವಾಗಿರಲಿಲ್ಲ. 1948ರ ಬ್ರಿಟಿಷ್ ರಾಷ್ಟ್ರೀಯತೆ ಕಾಯ್ದೆಯ ಪ್ರಕಾರ ಕಾಮನ್‌ವೆಲ್ತ್ ಪ್ರಜೆಗಳು ಬ್ರಿಟನ್ನಿಗೆ ಹೋಗಿ ನೆಲೆಸಬಹುದಾಗಿತ್ತು. 1962ರ ಕಾಯ್ದೆ ಆ ಬಾಗಿಲನ್ನು ಅರ್ಧ ಮುಚ್ಚಿತು. 1973ರಿಂದ ಜಾರಿಗೆ ಬಂದ 1971ರ ವಲಸೆ ಕಾಯ್ದೆ, ಬ್ರಿಟನ್ನಿನಲ್ಲಿ ಹುಟ್ಟಿದ ತಂದೆ-ತಾಯಿ ಅಥವಾ ಅಜ್ಜ-ಅಜ್ಜಿಯ ನಂಟಿಗೆ ಪ್ರಾಧಾನ್ಯ ನೀಡಿತು. ಹಳೆಯ ಚರ್ಚಿನ ದಾಖಲೆ ಪುಸ್ತಕದಲ್ಲಿನ ಒಂದು ಸಾಲು ಕುಟುಂಬದ ಭವಿಷ್ಯವನ್ನು ನಿರ್ಧರಿಸಬಹುದಾದ ಕಾಲ ಅದು. ಆಸ್ಟ್ರೇಲಿಯದಲ್ಲಿ ಬಿಳಿಯರಿಗೆ ಮಾತ್ರ ಆದ್ಯತೆ ನೀಡುವ ನೀತಿಯಿದ್ದು, ಯುರೋಪಿಯನ್ ವಂಶದ ಪಾಲೇ ಹೆಚ್ಚೆಂದು ಅರ್ಜಿದಾರರು ತೋರಿಸಬೇಕಾಗಿತ್ತು. 1966ರಲ್ಲಿ ಆ ನೀತಿ ಸಡಿಲಗೊಂಡು 1973ರಲ್ಲಿ ಸಂಪೂರ್ಣವಾಗಿ ರದ್ದಾಯಿತು.

ಅಂದು ದೇಶದಿಂದ ಕೊಂಡೊಯ್ಯಬಹುದಾಗಿದ್ದ ವಿದೇಶಿ ವಿನಿಮಯವೂ ಅತ್ಯಲ್ಪ. ಆದ್ದರಿಂದ ಇಲ್ಲಿನ ಹಣದಿಂದ ಅಲ್ಲಿ ಮನೆ ಕೊಳ್ಳುವ ಮಾತೇ ಇರಲಿಲ್ಲ. ಮೊದಲು ಬಾಡಿಗೆಯ ಕೋಣೆ, ನಂತರ ಉದ್ಯೋಗ, ಅದರ ಆಧಾರದ ಮೇಲೆ ಬ್ಯಾಂಕ್ ಸಾಲ, ಕೊನೆಗೆ ಮನೆ ಎಂಬ ಕ್ರಮವನ್ನೇ ಅನುಸರಿಸಬೇಕಾಗಿತ್ತು. ಕಂಪನಿ ಕ್ವಾರ್ಟರ್ಸ್‌ನಲ್ಲಿ ಬೆಳೆದವರ ಪಾಲಿಗೆ ವಂಶದಲ್ಲೇ ಮೊದಲ ಸ್ವಂತ ಮನೆ ಸಮುದ್ರದಾಚೆ ದೊರೆಯುವುದು ಸಾಧ್ಯವಾದದ್ದು ಹೀಗೆ.

2001ರ ನಂತರದ ವಲಸೆಯ ಸ್ವರೂಪ ಬೇರೆ. ಕೆಲಸ ಕಳೆದುಕೊಂಡ ಕುಟುಂಬಗಳ ಮಕ್ಕಳು ಬೆಂಗಳೂರಿನ ರೈಲು ಹತ್ತಿದರು. ಅವರಲ್ಲಿ ಕೆಲವರು ಮುಂದೆ ಕೊಲ್ಲಿ ರಾಷ್ಟ್ರಗಳಿಗೂ ಇತರ ದೇಶಗಳಿಗೂ ತೆರಳಿದರು. ಹಣ ಕಳುಹಿಸುವ ದಾರಿ ಇಂದು ತೆರೆದಿದೆ. ಆದ್ದರಿಂದಲೇ ಹಳಬರು ಅನಿವಾರ್ಯವಾಗಿ ಅನುಸರಿಸಿದ ಕ್ರಮವನ್ನು ಹೊಸಬರು ತಿಳಿದು ಅನುಸರಿಸಬೇಕಾಗಿದೆ.

ಯಾವ ದೇಶದಲ್ಲಿ ಏನು ನಿಯಮ?

ವಿದೇಶಿಯರು ಮನೆ ಕೊಳ್ಳುವುದರ ಮೇಲೆ ಕಳೆದ ಕೆಲವು ವರ್ಷಗಳಲ್ಲಿ ಹಲವು ದೇಶಗಳು ನಿರ್ಬಂಧ ಹೇರಿವೆ. ಸ್ಥಳೀಯರಿಗೆ ಮನೆಗಳು ಕೈಗೆಟುಕುತ್ತಿಲ್ಲ ಎಂಬುದು ಇದಕ್ಕೆ ನೀಡಲಾಗುವ ಕಾರಣ.

ಆಸ್ಟ್ರೇಲಿಯ: ವಿದೇಶಿಯರು ಹಾಗೂ ತಾತ್ಕಾಲಿಕ ವೀಸಾದಲ್ಲಿರುವವರು ಈಗಾಗಲೇ ಕಟ್ಟಿರುವ ಹಳೆಯ ಮನೆಗಳನ್ನು ಕೊಳ್ಳುವುದನ್ನು 2025ರ ಏಪ್ರಿಲ್ 1ರಿಂದ 2027ರ ಮಾರ್ಚ್ 31ರವರೆಗೆ ಎಂದು ಅವಧಿ ಗೊತ್ತುಪಡಿಸಿ ನಿಷೇಧಿಸಲಾಯಿತು. ಹೊಸದಾಗಿ ನಿರ್ಮಿಸಿದ ಮನೆ ಅಥವಾ ಖಾಲಿ ನಿವೇಶನಕ್ಕೆ ಸರ್ಕಾರದ ಅನುಮತಿ ಪಡೆಯಬೇಕು. ಕಾಯಂ ನಿವಾಸದ ವೀಸಾ ಪಡೆದು ಅಲ್ಲಿ ನೆಲೆಸಿದವರಿಗೆ ಈ ಅಡ್ಡಿಯಿಲ್ಲ.

ಕೆನಡಾ: ಕೆನಡಾದ ಪ್ರಜೆಗಳೂ ಕಾಯಂ ನಿವಾಸಿಗಳೂ ಅಲ್ಲದವರು ನಗರ ಪ್ರದೇಶಗಳಲ್ಲಿ ವಾಸದ ಮನೆ ಕೊಳ್ಳುವುದನ್ನು 2023ರ ಜನವರಿ 1ರಿಂದ ನಿಷೇಧಿಸಲಾಯಿತು. ಎರಡು ವರ್ಷಗಳ ಅವಧಿಯ ಈ ನಿಷೇಧವನ್ನು ಬಳಿಕ 2027ರ ಜನವರಿ 1ರವರೆಗೆ ವಿಸ್ತರಿಸಲಾಯಿತು. ಉದ್ಯೋಗ ಪರವಾನಗಿಯ ಅವಧಿ ಕನಿಷ್ಠ 183 ದಿನ ಉಳಿದಿರುವವರಿಗೆ ಒಂದು ಮನೆ ಕೊಳ್ಳಲು ವಿನಾಯಿತಿಯಿದೆ.

ನ್ಯೂಜಿಲೆಂಡ್: 2018ರ ಅಕ್ಟೋಬರ್‌ನಿಂದ ಸಾಮಾನ್ಯ ವಿದೇಶಿ ಖರೀದಿದಾರರಿಗೆ ವಾಸದ ಮನೆಗಳ ಖರೀದಿಯನ್ನು ನಿರ್ಬಂಧಿಸಲಾಗಿದೆ.

ಬ್ರಿಟನ್: ಯಾರು ಬೇಕಾದರೂ ಕೊಳ್ಳಬಹುದು, ಆದರೆ ತೆರಿಗೆಯ ಭಾರ ಹೆಚ್ಚು. ಇಂಗ್ಲೆಂಡ್ ಮತ್ತು ಉತ್ತರ ಐರ್ಲೆಂಡ್‌ಗಳಲ್ಲಿ ಅನಿವಾಸಿ ಖರೀದಿದಾರರಿಗೆ 2021ರ ಏಪ್ರಿಲ್‌ನಿಂದ ಶೇ. 2ರಷ್ಟು ಹೆಚ್ಚುವರಿ ಮುದ್ರಾಂಕ ಸುಂಕವಿದೆ. ಎರಡನೆಯ ಮನೆ ಕೊಳ್ಳುವವರಿಗೆ 2024ರ ಅಕ್ಟೋಬರ್ 31ರಿಂದ ಶೇ. 5ರಷ್ಟು ಹೆಚ್ಚುವರಿ ಸುಂಕ ವಿಧಿಸಲಾಗುತ್ತಿದೆ. ಈ ಲೆಕ್ಕಕ್ಕೆ ಜಗತ್ತಿನ ಯಾವುದೇ ಮೂಲೆಯಲ್ಲಿರುವ ಮನೆಯೂ ಸೇರುತ್ತದೆ. ರಾಬರ್ಟ್‌ಸನ್‌ಪೇಟೆಯಲ್ಲಿ 40,000 ಪೌಂಡ್ ಅಥವಾ ಅದಕ್ಕಿಂತ ಹೆಚ್ಚು ಬೆಲೆಯ ಮನೆಯುಳ್ಳವರು ಲಂಡನ್ನಿನಲ್ಲಿ ಕೊಳ್ಳುವ ಮೊದಲ ಮನೆಯೂ ಕಾನೂನಿನ ಕಣ್ಣಿಗೆ ಎರಡನೆಯದಾಗಬಹುದು. 3 ಲಕ್ಷ ಪೌಂಡ್ ಬೆಲೆಯ ಮನೆಗೆ ಸಾಮಾನ್ಯ ಸುಂಕ 5,000 ಪೌಂಡ್. ಎರಡೂ ಹೆಚ್ಚುವರಿ ಸುಂಕಗಳು ಸೇರಿದರೆ 26,000 ಪೌಂಡ್.

ಸಿಂಗಪುರ: ವಿದೇಶಿಯರಿಗೆ 2023ರ ಏಪ್ರಿಲ್‌ನಿಂದ ಶೇ. 60ರಷ್ಟು ಹೆಚ್ಚುವರಿ ಸುಂಕವಿದೆ. ನಿಷೇಧವೆಂದು ಕರೆಯದಿದ್ದರೂ ಮಧ್ಯಮ ವರ್ಗದವರಿಗೆ ಇದು ನಿಷೇಧವೇ ಸರಿ.

ದುಬೈ: ಗೊತ್ತುಪಡಿಸಿದ ಪ್ರದೇಶಗಳಲ್ಲಿ ವಿದೇಶಿಯರು ಪೂರ್ಣ ಒಡೆತನದ ಮನೆ ಕೊಳ್ಳಬಹುದು. ನೋಂದಣಿ ಶುಲ್ಕ ಶೇ. 4. ಮನೆಯ ಬೆಲೆ 20 ಲಕ್ಷ ದಿರ್ಹಂ ಮುಟ್ಟಿದರೆ ಹತ್ತು ವರ್ಷಗಳ ಗೋಲ್ಡನ್ ವೀಸಾಕ್ಕೆ ಅರ್ಜಿ ಸಲ್ಲಿಸಬಹುದು. ಕಟ್ಟಡದ ವಾರ್ಷಿಕ ನಿರ್ವಹಣಾ ಶುಲ್ಕವನ್ನು ಲೆಕ್ಕದಿಂದ ಬಿಡಬಾರದು.

ಥಾಯ್ಲೆಂಡ್: ವಿದೇಶಿಯರು ಭೂಮಿಯ ಒಡೆಯರಾಗುವಂತಿಲ್ಲ. ವಸತಿ ಸಮುಚ್ಚಯವೊಂದರ ಒಟ್ಟು ವಿಸ್ತೀರ್ಣದ ಶೇ. 49ರ ಮಿತಿಯೊಳಗೆ ಫ್ಲ್ಯಾಟ್ ಕೊಳ್ಳಬಹುದು.

ಮನೆ ಕೊಂಡರೆ ವಾಸದ ಪರವಾನಗಿ ನೀಡುವ ಯುರೋಪಿನ ಯೋಜನೆಗಳ ಪೈಕಿ ಕೆಲವು ಮುಚ್ಚಿವೆ. ಪೋರ್ಚುಗಲ್ 2023ರಲ್ಲಿ ಆಸ್ತಿ ಖರೀದಿಯ ದಾರಿಯನ್ನು ಕೈಬಿಟ್ಟಿತು. ಸ್ಪೇನ್ 2025ರ ಏಪ್ರಿಲ್‌ನಲ್ಲಿ ತನ್ನ ಯೋಜನೆಯನ್ನೇ ಕೊನೆಗೊಳಿಸಿತು. ಬ್ರಿಟನ್, ಆಸ್ಟ್ರೇಲಿಯ, ಕೆನಡಾ ಮತ್ತು ಅಮೆರಿಕಗಳಲ್ಲಿ ಮನೆ ಖರೀದಿಯೊಂದರಿಂದಲೇ ವೀಸಾ ದೊರೆಯುವುದಿಲ್ಲ. ಇದಕ್ಕೆ ವಿರುದ್ಧವಾಗಿ ಹೇಳುವ ದಲ್ಲಾಳಿಯ ಮಾತನ್ನು ನಂಬುವ ಮುನ್ನ ಆಯಾ ದೇಶದ ಸರ್ಕಾರಿ ಪ್ರಕಟಣೆಯನ್ನು ನೋಡುವುದು ಕ್ಷೇಮ. ಮೇಲೆ ತಿಳಿಸಿದ ಅವಧಿಗಳೂ ದರಗಳೂ ಬದಲಾಗುವಂಥವು ಎಂಬುದನ್ನು ಮರೆಯಬಾರದು.

ಹಣ ಕಳುಹಿಸುವ ದಾರಿ

ಭಾರತದಲ್ಲಿ ವಾಸಿಸುತ್ತಿರುವ ವ್ಯಕ್ತಿ ಹೊರದೇಶದಲ್ಲಿ ಆಸ್ತಿ ಕೊಳ್ಳುವುದು ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆಗೆ (ಫೆಮಾ) ಒಳಪಟ್ಟಿದೆ. 1999ರ ಈ ಕಾಯ್ದೆ 2000ದ ಜೂನ್ 1ರಂದು ಜಾರಿಗೆ ಬಂದಿತು. ಇದರಡಿ ರಿಸರ್ವ್ ಬ್ಯಾಂಕ್ 2004ರಲ್ಲಿ ಉದಾರೀಕೃತ ಹಣ ರವಾನೆ ಯೋಜನೆಯನ್ನು (ಎಲ್‌ಆರ್‌ಎಸ್) ಪ್ರಕಟಿಸಿತು. ಆರಂಭದಲ್ಲಿ 25,000 ಡಾಲರ್ ಇದ್ದ ಮಿತಿ ಈಗ ಒಬ್ಬ ವ್ಯಕ್ತಿಗೆ ಒಂದು ಹಣಕಾಸು ವರ್ಷದಲ್ಲಿ 2,50,000 ಡಾಲರ್. ರೂಪಾಯಿ ಕುಸಿಯುತ್ತಿದ್ದ 2013ರಲ್ಲಿ ಮಿತಿಯನ್ನು 75,000 ಡಾಲರಿಗೆ ಇಳಿಸಿ, ಆಸ್ತಿ ಖರೀದಿಗೆ ಹಣ ಕಳುಹಿಸುವುದನ್ನೂ ಕೆಲಕಾಲ ತಡೆಯಲಾಗಿತ್ತು. ಇಂದಿರುವ ಸೌಲಭ್ಯ ಮುಂದೆಯೂ ಇರುತ್ತದೆಂಬ ಭರವಸೆಯ ಮೇಲೆ ಹಲವು ವರ್ಷಗಳ ಕಂತಿಗೆ ಒಪ್ಪಿಕೊಳ್ಳುವವರು ಇದನ್ನು ನೆನಪಿನಲ್ಲಿಡಬೇಕು.

ಗಮನಿಸಬೇಕಾದ ಇತರ ನಿಯಮಗಳು ಹೀಗಿವೆ. ಗಂಡ-ಹೆಂಡತಿ ತಮ್ಮ ಮಿತಿಗಳನ್ನು ಒಟ್ಟುಗೂಡಿಸಿ ಮನೆ ಕೊಳ್ಳಬಹುದು. ಆದರೆ ಇಬ್ಬರೂ ಆ ಮನೆಯ ಜಂಟಿ ಒಡೆಯರಾಗಿರಬೇಕು. ಪ್ಯಾನ್ ಸಂಖ್ಯೆ ಕಡ್ಡಾಯ. ಇಂತಹ ಖರೀದಿಗೆ ಕಳುಹಿಸುವ ಹಣಕ್ಕೆ ಭಾರತದ ಬ್ಯಾಂಕ್ ಸಾಲ ನೀಡುವಂತಿಲ್ಲ. ಭಾರತದ ನಿವಾಸಿ ಹೊರದೇಶದ ಬ್ಯಾಂಕಿನಿಂದ ಸಾಲ ಪಡೆಯುವುದಕ್ಕೆ ಪ್ರತ್ಯೇಕ ನಿಯಮಗಳಿವೆ. ಆದುದರಿಂದ ಕಟ್ಟಡ ಮುಗಿಯುವ ಮೊದಲೇ ಕಂತಿನಲ್ಲಿ ಮಾರುವ ಜಾಹೀರಾತುಗಳಿಗೆ ಮುಂಗಡ ನೀಡುವ ಮುನ್ನ ಬ್ಯಾಂಕಿನಿಂದ ಲಿಖಿತ ಅಭಿಪ್ರಾಯ ಪಡೆಯಬೇಕು. ಕಳುಹಿಸಿದ ಹಣವನ್ನು 180 ದಿನಗಳೊಳಗೆ ಬಳಸದಿದ್ದರೆ ಅದನ್ನು ಹಿಂದಕ್ಕೆ ತರಬೇಕು. 2022ರ ಸಾಗರೋತ್ತರ ಹೂಡಿಕೆ ನಿಯಮಗಳ ಪ್ರಕಾರ ಐದು ವರ್ಷ ಮೀರದ ಗುತ್ತಿಗೆಗೆ ಆಸ್ತಿ ಖರೀದಿಯ ನಿರ್ಬಂಧಗಳು ಅನ್ವಯಿಸುವುದಿಲ್ಲ. ಮೊದಲು ಬಾಡಿಗೆಗೆ ಇದ್ದು ನೋಡುವವರಿಗೆ ಇದು ಅನುಕೂಲಕರ.

ಕಳುಹಿಸುವ ಮೊತ್ತ ಹಣಕಾಸು ವರ್ಷದಲ್ಲಿ 10 ಲಕ್ಷ ರೂ. ಮೀರಿದರೆ, ಮೀರಿದ ಭಾಗಕ್ಕೆ ಬ್ಯಾಂಕ್ ಶೇ. 20ರಷ್ಟು ತೆರಿಗೆಯನ್ನು ಮೂಲದಲ್ಲೇ ಸಂಗ್ರಹಿಸುತ್ತದೆ. 2023ರ ಅಕ್ಟೋಬರ್‌ನಿಂದ ಈ ದರವಿದ್ದು, 2025ರ ಏಪ್ರಿಲ್‌ನಲ್ಲಿ ಮಿತಿ 7 ಲಕ್ಷದಿಂದ 10 ಲಕ್ಷ ರೂ.ಗೆ ಏರಿತು. ಉದಾಹರಣೆಗೆ 50 ಲಕ್ಷ ರೂ. ಕಳುಹಿಸುವವರು 40 ಲಕ್ಷದ ಮೇಲೆ 8 ಲಕ್ಷ ರೂ. ಕಟ್ಟಬೇಕು. ಇದು ಪ್ರತ್ಯೇಕ ತೆರಿಗೆಯಲ್ಲ; ವಾರ್ಷಿಕ ಆದಾಯ ತೆರಿಗೆಯಲ್ಲಿ ಹೊಂದಿಸಿಕೊಳ್ಳಬಹುದು ಅಥವಾ ಮರಳಿ ಪಡೆಯಬಹುದು. ಆದರೆ ಆ ಹಣ ಕೈಗೆ ಬರುವವರೆಗೆ ತಿಂಗಳುಗಳೇ ಕಳೆಯುವುದರಿಂದ ಅದನ್ನು ಮೊದಲೇ ತೆಗೆದಿರಿಸಬೇಕಾಗುತ್ತದೆ.

ಉದ್ಯೋಗಕ್ಕಾಗಿ ದೇಶ ತೊರೆದವರು ಫೆಮಾ ದೃಷ್ಟಿಯಲ್ಲಿ ಅನಿವಾಸಿಗಳಾಗುತ್ತಾರೆ. ಅಲ್ಲಿ ಗಳಿಸಿದ ಹಣದಿಂದ ಅಲ್ಲೇ ಮನೆ ಕೊಳ್ಳಲು ಭಾರತದ ಅನುಮತಿ ಬೇಕಿಲ್ಲ. ಮುಂದೊಂದು ದಿನ ಊರಿಗೆ ಮರಳಿ ನೆಲೆಸಿದರೂ ಆ ಮನೆಯನ್ನು ತಮ್ಮದಾಗಿಯೇ ಉಳಿಸಿಕೊಳ್ಳಬಹುದು. ಮೊದಲು ಉದ್ಯೋಗ, ನಂತರ ಮನೆ ಎಂಬ ಹಳಬರ ಕ್ರಮ ಇಂದಿನ ಕಾನೂನಿಗೂ ಹೊಂದುವುದು ಹೀಗೆ.

ಊರಿನ ಆಸ್ತಿ ಮಾರುವ ಮುನ್ನ

ಹೊರದೇಶದ ಮನೆಯ ಮುಂಗಡಕ್ಕೆ ಊರಿನ ಮನೆಯನ್ನೋ ಬಂಗಾರಪೇಟೆ ಸೀಮೆಯ ಜಮೀನನ್ನೋ ಮಾರುವುದು ಸಾಮಾನ್ಯ ಯೋಚನೆ. ಇಲ್ಲಿ ನಾಲ್ಕು ಸಂಗತಿಗಳನ್ನು ಪರಿಶೀಲಿಸಬೇಕು.

ಮೊದಲನೆಯದು, ಕೈಯಲ್ಲಿರುವ ಕಾಗದ ಯಾವುದು ಎಂಬುದು. ಕಂಪನಿ ಮನೆಯ ಹಂಚಿಕೆ ಪತ್ರ ಒಡೆತನದ ಪತ್ರವಲ್ಲ. ಖಾತೆಯೂ ತೆರಿಗೆಯ ದಾಖಲೆಯೇ ಹೊರತು ಒಡೆತನದ ಅಂತಿಮ ಸಾಕ್ಷ್ಯವಲ್ಲ. ನೋಂದಾಯಿತ ಕ್ರಯಪತ್ರ, ಋಣಭಾರ ಪ್ರಮಾಣಪತ್ರ ಹಾಗೂ ಇ-ಖಾತಾ ಇವೆಯೇ ಎಂದು ನೋಡಿಕೊಳ್ಳಬೇಕು. ಜನರಲ್ ಪವರ್ ಆಫ್ ಅಟಾರ್ನಿಯ ಮೂಲಕ ನಡೆದ ಮಾರಾಟದಿಂದ ಒಡೆತನ ವರ್ಗಾವಣೆಯಾಗದು ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಸ್ಪಷ್ಟಪಡಿಸಿದೆ.

ಎರಡನೆಯದು, ನಗದು ವ್ಯವಹಾರ. ಬೆಲೆಯ ಒಂದು ಪಾಲನ್ನು ಕಾಗದದಲ್ಲಿ ತೋರಿಸದೆ ನಗದಾಗಿ ಪಡೆಯುವ ಪರಿಪಾಠ ಎಲ್ಲರಿಗೂ ತಿಳಿದದ್ದೇ. ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ರೂ. ಅಥವಾ ಅದಕ್ಕಿಂತ ಹೆಚ್ಚಿನ ನಗದು ಪಡೆಯುವುದು ಕಾನೂನುಬಾಹಿರ. ಅಲ್ಲದೆ, ಲೆಕ್ಕವಿಲ್ಲದ ಆ ಹಣವನ್ನು ಬ್ಯಾಂಕಿನ ಮೂಲಕ ಹೊರದೇಶಕ್ಕೆ ಕಳುಹಿಸಲು ಸಾಧ್ಯವಿಲ್ಲ. ಹವಾಲಾ ದಾರಿ ಹಿಡಿದರೆ ಫೆಮಾದಡಿ ಮೊತ್ತದ ಮೂರು ಪಟ್ಟಿನವರೆಗೆ ದಂಡ ವಿಧಿಸಬಹುದು.

ಮೂರನೆಯದು, ಮಾರುವ ಕಾಲ. ಅನಿವಾಸಿಯಾದ ಬಳಿಕ ಮಾರಿದರೆ ಖರೀದಿದಾರನು ನಿವಾಸಿಗಳಿಗೆ ಅನ್ವಯಿಸುವ ಶೇ. 1ರ ಬದಲು ಹೆಚ್ಚಿನ ದರದಲ್ಲಿ ತೆರಿಗೆ ಕಡಿತ ಮಾಡಬೇಕಾಗುತ್ತದೆ. ಮಾರಿದ ಹಣ ಎನ್‌ಆರ್‌ಒ ಖಾತೆಗೆ ಬರುತ್ತದೆ. ಲೆಕ್ಕಪರಿಶೋಧಕರ ಪ್ರಮಾಣಪತ್ರದೊಂದಿಗೆ ವರ್ಷಕ್ಕೆ 10 ಲಕ್ಷ ಡಾಲರ್‌ವರೆಗೆ ಅದನ್ನು ಹೊರಗೆ ಕಳುಹಿಸಬಹುದು.

ನಾಲ್ಕನೆಯದು, ಕೃಷಿ ಜಮೀನು. ಕೃಷಿಕರಲ್ಲದವರೂ ಜಮೀನು ಕೊಳ್ಳುವಂತೆ ಕರ್ನಾಟಕವು 2020ರಲ್ಲಿ ಭೂ ಸುಧಾರಣಾ ಕಾಯ್ದೆಗೆ ತಿದ್ದುಪಡಿ ತಂದಿದ್ದರೂ, ಅನಿವಾಸಿಗಳಿಗೆ ಆ ಬಾಗಿಲು ಮುಚ್ಚಿಯೇ ಇದೆ. ಅವರು ಕೃಷಿ ಭೂಮಿ, ತೋಟ ಅಥವಾ ತೋಟದ ಮನೆಯನ್ನು ಕೊಳ್ಳುವಂತಿಲ್ಲ. ಮೊದಲೇ ಇದ್ದುದನ್ನು ಇಟ್ಟುಕೊಳ್ಳಬಹುದು, ಪಿತ್ರಾರ್ಜಿತವಾಗಿ ಪಡೆಯಬಹುದು. ಹೀಗಾಗಿ ಹೋಗುವ ಅವಸರದಲ್ಲಿ ಮಾರಿದ ಹೊಲವನ್ನು ಅನಿವಾಸಿಯಾಗಿ ಮರಳಿ ಕೊಳ್ಳಲು ಆಗದು.

ಊರಿನ ವ್ಯವಹಾರವನ್ನು ಅಣ್ಣ-ತಮ್ಮಂದಿರಿಗೋ ಬಂಧುಗಳಿಗೋ ವಹಿಸುವವರು ಪವರ್ ಆಫ್ ಅಟಾರ್ನಿಯಲ್ಲಿ ಯಾವ ಕೆಲಸಕ್ಕೆ, ಎಷ್ಟು ಕಾಲಕ್ಕೆ ಎಂಬುದನ್ನು ಸ್ಪಷ್ಟವಾಗಿ ಬರೆಸಬೇಕು. ಹೊರದೇಶದಲ್ಲಿ ಸಹಿ ಮಾಡಿದ ಪತ್ರ ಇಲ್ಲಿಗೆ ತಲುಪಿದ ಮೂರು ತಿಂಗಳೊಳಗೆ ಅದಕ್ಕೆ ಮುದ್ರಾಂಕ ಶುಲ್ಕ ಪಾವತಿಸಬೇಕು.

ಅಲ್ಲಿನ ನೋಂದಣಿ ಪದ್ಧತಿ

ಭಾರತದಲ್ಲಿ 1908ರ ಕಾಯ್ದೆಯಡಿ ನೋಂದಣಿಯಾಗುವುದು ಪತ್ರವೇ ಹೊರತು ಒಡೆತನವಲ್ಲ. ಆದ್ದರಿಂದಲೇ ಇಲ್ಲಿ ಹಲವು ದಶಕಗಳ ಹಿಂದಿನ ಪತ್ರಗಳನ್ನು ಹುಡುಕಬೇಕಾಗುತ್ತದೆ. ದಕ್ಷಿಣ ಆಸ್ಟ್ರೇಲಿಯದಲ್ಲಿ 1858ರಲ್ಲಿ ರಾಬರ್ಟ್ ಟಾರೆನ್ಸ್ ಜಾರಿಗೆ ತಂದ ಪದ್ಧತಿಯಲ್ಲಿ ಒಡೆತನವೇ ನೋಂದಣಿಯಾಗುತ್ತದೆ. ಅದಕ್ಕೆ ಸರ್ಕಾರವೇ ಹೊಣೆ. ಆಸ್ಟ್ರೇಲಿಯ ಮಾತ್ರವಲ್ಲದೆ ನ್ಯೂಜಿಲೆಂಡ್ ಮುಂತಾದೆಡೆಯೂ ಇದೇ ಪದ್ಧತಿಯಿದೆ. ಹಕ್ಕುಪತ್ರಕ್ಕಾಗಿ ಅಲೆದ ಊರಿನವರಿಗೆ ಇದರ ಬೆಲೆ ಹೇಳಬೇಕಿಲ್ಲ.

ಆದರೂ ಎಚ್ಚರ ಅಗತ್ಯ. ಇಂಗ್ಲೆಂಡಿನಲ್ಲಿ ಪೂರ್ಣ ಒಡೆತನದ ಮನೆ ಬೇರೆ, ದೀರ್ಘಾವಧಿ ಗುತ್ತಿಗೆಯ ಮನೆ ಬೇರೆ. ಅಲ್ಲಿನ ಫ್ಲ್ಯಾಟ್‌ಗಳ ಪೈಕಿ ಬಹುತೇಕ ಗುತ್ತಿಗೆಯವು. ಉಳಿದಿರುವ ಅವಧಿ ಕಡಿಮೆಯಾದಷ್ಟೂ ಸಾಲ ದೊರೆಯುವುದು ಕಷ್ಟ, ಮರುಮಾರಾಟವೂ ಕಷ್ಟ. ಕರಾರು ಪತ್ರಗಳ ವಿನಿಮಯವಾಗುವವರೆಗೆ ಮಾರುವವನೂ ಕೊಳ್ಳುವವನೂ ಹಿಂದೆ ಸರಿಯಬಹುದು. ಆಸ್ಟ್ರೇಲಿಯದಲ್ಲಿ ಹರಾಜಿನಲ್ಲಿ ಕೂಗಿ ಕೊಂಡ ಮನೆಯಿಂದ ಹಿಂದೆ ಸರಿಯಲು ಸಾಮಾನ್ಯ ಖರೀದಿಯಲ್ಲಿರುವಂಥ ಕಾಲಾವಕಾಶ ಇರುವುದಿಲ್ಲ. ಮಾರಾಟಗಾರರು ಸೂಚಿಸಿದ ವಕೀಲರನ್ನಲ್ಲದೆ ತಮ್ಮದೇ ವಕೀಲರನ್ನು ನೇಮಿಸಿಕೊಳ್ಳುವುದು ಎಲ್ಲ ದೇಶಗಳಿಗೂ ಅನ್ವಯಿಸುವ ನಿಯಮ.

ತೆರಿಗೆ, ಪೌರತ್ವ, ಉಯಿಲು

ಭಾರತದಲ್ಲಿ ವಾಸಿಸುತ್ತ ಹೊರದೇಶದಲ್ಲಿ ಆಸ್ತಿ ಹೊಂದಿರುವವರು ಅದನ್ನು ಆದಾಯ ತೆರಿಗೆ ವಿವರಣೆಯ ವಿದೇಶಿ ಆಸ್ತಿಗಳ ಪಟ್ಟಿಯಲ್ಲಿ ನಮೂದಿಸಬೇಕು. ಬಾಡಿಗೆ ಬಾರದಿದ್ದರೂ, ಅಜ್ಜಿಯಿಂದ ಬಂದ ಪಾಲಾಗಿದ್ದರೂ ಈ ನಿಯಮ ತಪ್ಪದು. 2015ರ ಕಪ್ಪುಹಣ ಕಾಯ್ದೆಯಡಿ ನಮೂದಿಸದಿದ್ದರೆ 10 ಲಕ್ಷ ರೂ. ದಂಡ ವಿಧಿಸಬಹುದು. 20 ಲಕ್ಷ ರೂ.ವರೆಗಿನ ವಿದೇಶಿ ಸ್ವತ್ತುಗಳಿಗೆ 2024ರ ಅಕ್ಟೋಬರ್‌ನಿಂದ ವಿನಾಯಿತಿ ದೊರೆತಿದೆಯಾದರೂ ಅದು ಸ್ಥಿರಾಸ್ತಿಗೆ ಅನ್ವಯಿಸುವುದಿಲ್ಲ.

ಭಾರತದಲ್ಲಿ 1985ರಲ್ಲೇ ರದ್ದಾದ ಮರಣಾನಂತರದ ಆಸ್ತಿ ತೆರಿಗೆ ಹಲವು ದೇಶಗಳಲ್ಲಿ ಇಂದಿಗೂ ಇದೆ. ಬ್ರಿಟನ್ನಿನಲ್ಲಿ 3,25,000 ಪೌಂಡ್ ಮೀರಿದ ಭಾಗಕ್ಕೆ ಸಾಮಾನ್ಯವಾಗಿ ಶೇ. 40. ಅಮೆರಿಕದಲ್ಲಿ ಅಲ್ಲಿನ ನಿವಾಸಿಯೂ ಪ್ರಜೆಯೂ ಅಲ್ಲದವರ ಆಸ್ತಿಗೆ ದೊರೆಯುವ ವಿನಾಯಿತಿ ಕೇವಲ 60,000 ಡಾಲರ್.

ಭಾರತದ ಸಂವಿಧಾನ ಎರಡು ದೇಶಗಳ ಪೌರತ್ವವನ್ನು ಒಪ್ಪುವುದಿಲ್ಲ. ಅನ್ಯದೇಶದ ಪೌರತ್ವ ಪಡೆದೊಡನೆ ಭಾರತದ ಪೌರತ್ವ ತಾನಾಗಿ ಕೊನೆಗೊಳ್ಳುತ್ತದೆ. 2005ರಲ್ಲಿ ಜಾರಿಗೆ ಬಂದ ಸಾಗರೋತ್ತರ ಭಾರತೀಯ (ಒಸಿಐ) ಕಾರ್ಡು ಬಂದು ಹೋಗಲು, ಇರಲು ಹಾಗೂ ಮನೆ ಕೊಳ್ಳಲು ಅವಕಾಶ ನೀಡುತ್ತದೆ. ಮತದಾನದ ಹಕ್ಕನ್ನಾಗಲಿ ಕೃಷಿ ಭೂಮಿ ಕೊಳ್ಳುವ ಹಕ್ಕನ್ನಾಗಲಿ ನೀಡದು.

ಸ್ಥಿರಾಸ್ತಿಯ ಉತ್ತರಾಧಿಕಾರಕ್ಕೆ ಸಾಮಾನ್ಯವಾಗಿ ಅದು ಇರುವ ನಾಡಿನ ಕಾನೂನೇ ಅನ್ವಯಿಸುತ್ತದೆ. ಕೆಜಿಎಫ್‌ನ ಕ್ರೈಸ್ತ ಕುಟುಂಬವೊಂದು ಮೆಲ್ಬರ್ನ್‌ನಲ್ಲಿ ನೆಲೆಸಿದ್ದರೂ ಇಲ್ಲಿರುವ ಮನೆಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯೇ ಆಧಾರ. ಎರಡು ದೇಶಗಳಲ್ಲಿ ಆಸ್ತಿಯುಳ್ಳವರು ಎರಡಕ್ಕೂ ಹೊಂದುವಂತೆ ಉಯಿಲು ಬರೆಸಬೇಕು. ಇಲ್ಲವಾದರೆ ಒಂದು ಉಯಿಲು ಇನ್ನೊಂದನ್ನು ರದ್ದುಪಡಿಸುವ ಅಪಾಯವಿದೆ.

ಉದ್ಯೋಗಕ್ಕೆ ಹೊರಡುವವರಿಗೆ

ಹತ್ತನೆಯ ತರಗತಿ ಉತ್ತೀರ್ಣರಾಗದವರು ಕೊಲ್ಲಿ ರಾಷ್ಟ್ರಗಳೂ ಸೇರಿದಂತೆ 18 ದೇಶಗಳಿಗೆ ಉದ್ಯೋಗಕ್ಕಾಗಿ ತೆರಳಲು 1983ರ ವಲಸೆ ಕಾಯ್ದೆಯಡಿ ಅನುಮತಿ ಪಡೆಯಬೇಕು. ನೋಂದಾಯಿತ ಏಜೆಂಟರು ಪಡೆಯಬಹುದಾದ ಸೇವಾ ಶುಲ್ಕ ಗರಿಷ್ಠ 30,000 ರೂ. ಮತ್ತು ಅದರ ಮೇಲಿನ ಜಿಎಸ್‌ಟಿ. ಲಕ್ಷಗಟ್ಟಲೆ ಕೇಳುವವರ ನೋಂದಣಿಯನ್ನು ಕೇಂದ್ರ ಸರ್ಕಾರದ ಇ-ಮೈಗ್ರೇಟ್ ತಾಣದಲ್ಲಿ ಪರಿಶೀಲಿಸಬಹುದು. ಏಜೆಂಟನಿಗೆ ಕೊಡಲೆಂದು ಮನೆ ಒತ್ತೆಯಿಡುವುದು ಹೊರಡುವ ಮೊದಲೇ ಮನೆ ಕಳೆದುಕೊಳ್ಳುವ ದಾರಿ.

ಹೊರಡುವ ಮುನ್ನ ಅನುಸರಿಸಬೇಕಾದ ಕ್ರಮವನ್ನು ಸಂಗ್ರಹವಾಗಿ ಹೀಗೆ ಹೇಳಬಹುದು. ಮೊದಲು ವಾಸದ ಹಕ್ಕು ಎಷ್ಟು ಕಾಲಕ್ಕೆ ಎಂಬುದನ್ನು ಖಚಿತಪಡಿಸಿಕೊಳ್ಳಿ. ಆ ವೀಸಾದಲ್ಲಿ ಮನೆ ಕೊಳ್ಳಲು ಅವಕಾಶವಿದೆಯೇ ಎಂದು ತಿಳಿಯಿರಿ. ಕನಿಷ್ಠ ಒಂದು ವರ್ಷ ಬಾಡಿಗೆ ಮನೆಯಲ್ಲಿದ್ದು ಊರು, ಕೆಲಸ, ಹವೆಗಳನ್ನು ಅರಿಯಿರಿ. ಯಾವ ಕರೆನ್ಸಿಯಲ್ಲಿ ಸಂಬಳವೋ ಅದರಲ್ಲೇ ಸಾಲವಿರಲಿ. ಊರಿನ ಕಾಗದಪತ್ರಗಳನ್ನು ಸರಿಪಡಿಸಿಕೊಂಡ ಮೇಲೆಯೇ ಮಾರುವ ಅಥವಾ ಉಳಿಸಿಕೊಳ್ಳುವ ತೀರ್ಮಾನಕ್ಕೆ ಬನ್ನಿ.

ಕಂಪನಿಯ ಸೂರಿನಡಿ ನೂರಿಪ್ಪತ್ತು ವರ್ಷ ಬಾಳಿದ ಊರು ಕೆಜಿಎಫ್. ಗಣಿ ಮುಚ್ಚಿದ ದಿನ ಮನೆಯಲ್ಲಿ ಇದ್ದವರು ಯಾರು, ಮನೆ ಯಾರದು ಎಂಬ ಎರಡು ಪ್ರಶ್ನೆಗಳಿಗೆ ಎರಡು ಉತ್ತರಗಳಿದ್ದವು. ಸಿಡ್ನಿಯಲ್ಲಾಗಲಿ ದುಬೈಯಲ್ಲಾಗಲಿ ಆ ಎರಡು ಉತ್ತರಗಳನ್ನು ಒಂದಾಗಿಸಿದ ಬಳಿಕವೇ ಮನೆ ನಿಜವಾಗಿ ತಮ್ಮದಾಗುತ್ತದೆ. ಹಣ ಕಟ್ಟುವ ಮುನ್ನ ಈ ಎರಡೂ ಪ್ರಶ್ನೆಗಳನ್ನು ಬೇರೆಬೇರೆಯಾಗಿ ಕೇಳಿಕೊಳ್ಳುವುದು ಒಳಿತು.